ಕಂಬಳಿಗೆ ಹುಣಸೆಬೀಜದ ಗಂಜಿ, ಕೂದಲಿಗೆ ಸಸ್ಯ ಕೆರಟಿನ್

(ದಾವಣಗೆರೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವರು ಮತ್ತು ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲೆ ಎರಡು ಎಳೆ ಇಟ್ಟಿದ್ದೇನೆ. ಒಂದು ಚಳ್ಳಕೆರೆ ಕಡೆಯ ಕಂಬಳಿಯಿಂದ ಬಿಡಿಸಿದ ಉಣ್ಣೆ ಎಳೆ, ಇನ್ನೊಂದು ಹತ್ತಿಯ ದಾರ. ಮೊದಲು ಹತ್ತಿಗೆ ಕಡ್ಡಿ ಗೀರಿ ಹಿಡಿಯುತ್ತೇನೆ, ನೋಡಿ. ಸಲೀಸಾಗಿ ಉರಿಯಿತು, ಕಾಗದ ಸುಟ್ಟ ವಾಸನೆ ಬಂತು, ಹಗುರವಾದ ಬೂದಿ ಉಳಿಯಿತು. ಈಗ ಉಣ್ಣೆ. ಇದು ಉರಿಯುವುದಕ್ಕಿಂತ ಹೆಚ್ಚಾಗಿ ಮುದುರಿಕೊಳ್ಳುತ್ತದೆ. ತುದಿಯಲ್ಲಿ ಕಪ್ಪು ಮಣಿ ಕಟ್ಟಿತು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ವಾಸನೆ ಹಿಂದಿನ ಸಾಲಿನವರಿಗೂ ಮುಟ್ಟಿರಬೇಕು. ಹೇರ್ ಡ್ರೈಯರ್‌ಗೆ ಸಿಕ್ಕಿ ಕೂದಲು ಸುಟ್ಟಾಗ ನಿಮ್ಮ ಪಾರ್ಲರಿನಲ್ಲಿ ಬರುತ್ತದಲ್ಲ, ಅದೇ ವಾಸನೆ. ಅದಕ್ಕೆ ದೊಡ್ಡ ಕಾರಣ ಗಂಧಕ. ಉಣ್ಣೆಯಲ್ಲೂ ಕೂದಲಲ್ಲೂ ಇರುವ ಕೆರಟಿನ್ ಎಂಬ ಪ್ರೋಟೀನು ಗಂಧಕವನ್ನು ಹೇರಳವಾಗಿ ಹಿಡಿದಿಟ್ಟುಕೊಂಡಿರುತ್ತದೆ.

ಕೆರಟಿನ್ ಎಂಬ ಹೆಸರು ಬಂದದ್ದು ಕೊಂಬು ಎನ್ನುವ ಅರ್ಥದ ಗ್ರೀಕ್ ಪದದಿಂದ. ಚಿತ್ರದುರ್ಗದ ಕಡೆ ಅಮೃತಮಹಲ್ ಕಾವಲುಗಳನ್ನು ನೋಡಿದವರಿಗೆ ಆ ದನಗಳ ಉದ್ದನೆಯ ಕೊಂಬು ಕಣ್ಣ ಮುಂದೆ ಬರುತ್ತದೆ. ಆ ಕೊಂಬಿನ ಹೊರಗವಚ, ಎತ್ತಿನ ಗೊರಸು, ಕುರಿಯ ಉಣ್ಣೆ, ಕೋಳಿಯ ಪುಕ್ಕ, ನಮ್ಮ ಉಗುರು, ನಮ್ಮ ಚರ್ಮದ ಮೇಲ್ಪದರ, ಇವೆಲ್ಲದರಲ್ಲೂ ಇರುವುದು ಕೆರಟಿನ್ ಕುಟುಂಬದ ಪ್ರೋಟೀನುಗಳೇ. ಕೆರಟಿನ್ ಪ್ರಾಣಿಗಳದ್ದು. ಗಿಡಮರಗಳು ಅದನ್ನು ತಯಾರಿಸುವುದಿಲ್ಲ. ಗೋಧಿಯಲ್ಲಿ ಕೆರಟಿನ್ ಇಲ್ಲ, ಸೋಯಾದಲ್ಲಿ ಇಲ್ಲ, ನಮ್ಮ ಜಿಲ್ಲೆಯ ಹೊಲಗಳ ತುಂಬ ಬೆಳೆಯುವ ಮೆಕ್ಕೆಜೋಳದಲ್ಲೂ ಇಲ್ಲ.

ಹಾಗಿದ್ದರೆ ಬಾಟಲಿಯ ಮೇಲೆ ‘ಸಸ್ಯ ಕೆರಟಿನ್’, ‘ವೀಗನ್ ಕೆರಟಿನ್’, ‘ಫೈಟೊ ಕೆರಟಿನ್’ ಎಂದು ಬರೆದಿರುತ್ತಾರಲ್ಲ, ಒಳಗೆ ಇರುವುದೇನು? ಬಾಟಲಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಅಲ್ಲಿ ಬಹುಮಟ್ಟಿಗೆ ಮೂರು ಹೆಸರು ಸಿಗುತ್ತವೆ: ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್, ಹೈಡ್ರೊಲೈಸ್ಡ್ ಕಾರ್ನ್ ಪ್ರೋಟೀನ್, ಹೈಡ್ರೊಲೈಸ್ಡ್ ಸೋಯ್ ಪ್ರೋಟೀನ್. ಅಂದರೆ ಗೋಧಿ, ಮೆಕ್ಕೆಜೋಳ, ಸೋಯಾಗಳ ಪ್ರೋಟೀನನ್ನು ಸಣ್ಣ ತುಂಡುಗಳಾಗಿ ಒಡೆದು ನೀರಿನಲ್ಲಿ ಕರಗಿಸಿದ್ದು. ಕೆಲವರು ಪ್ರೋಟೀನು ಕಟ್ಟುವ ಬಿಡಿ ಮಣಿಗಳಾದ ಅಮೈನೊ ಆಮ್ಲಗಳನ್ನೂ ಸೇರಿಸುತ್ತಾರೆ. ಕೆರಟಿನ್ ಮಾಡುವ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಲಿ ಎಂದು ಹದ ಮಾಡಿದ ಮಿಶ್ರಣ ಅದು. ‘ಸಸ್ಯ ಕೆರಟಿನ್’ ವ್ಯಾಪಾರದ ಹೆಸರು, ವಸ್ತುವಿನ ಹೆಸರಲ್ಲ. ನಿಮ್ಮ ಗಿರಾಕಿಗೆ ಇದನ್ನು ಇದ್ದ ಹಾಗೆ ಹೇಳಿ. ಹೇಳಿದರೆ ವಸ್ತುವಿನ ಬೆಲೆ ಕಡಿಮೆಯಾಗುವುದಿಲ್ಲ, ಏಕೆಂದರೆ ಅದು ಮಾಡುವ ಕೆಲಸ ನಿಜವಾದದ್ದು.

ಗೋಧಿಯ ಪ್ರೋಟೀನು ಹೇಗಿರುತ್ತದೆಂದು ಮನೆಯಲ್ಲೇ ನೋಡಬಹುದು. ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದುಕೊಂಡು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಸಣ್ಣಗೆ ನಲ್ಲಿ ಬಿಟ್ಟುಕೊಂಡು ಅದರ ಕೆಳಗೆ ಹಿಚುಕುತ್ತಾ ತೊಳೆಯಿರಿ. ಹಾಲಿನಂತೆ ಬಿಳಿ ನೀರು ಹೋಗುತ್ತದೆ, ಅದು ಪಿಷ್ಟ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಬೂದುಬಣ್ಣದ, ರಬ್ಬರಿನಂತೆ ಎಳೆದರೆ ಹಿಗ್ಗುವ ಜಿಗುಟು ಉಂಡೆ ಉಳಿಯುತ್ತದೆ. ಅದೇ ಗ್ಲುಟೆನ್. ಅದು ಹಾಗೆ ಹಿಗ್ಗುವುದಕ್ಕೆ ಒಂದು ಕಾರಣ, ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವ, ಕೂದಲಿನಲ್ಲಿರುವಂಥದೇ ಗಂಧಕದ ಗಂಟುಗಳು ಅದರಲ್ಲೂ ಇವೆ. ಆದರೆ ಲೆಕ್ಕ ಬೇರೆ. ಕೂದಲಿನ ಪ್ರೋಟೀನಿನಲ್ಲಿ 100 ಅಮೈನೊ ಆಮ್ಲ ಎಣಿಸಿದರೆ ಸುಮಾರು 14ರಿಂದ 18 ಗಂಧಕದ ಗಂಟು ಹಾಕುವ ಸಿಸ್ಟೀನ್. ಗೋಧಿಯ ಗ್ಲುಟೆನ್‌ನಲ್ಲಿ ಎರಡರ ಆಸುಪಾಸು. ಮೆಕ್ಕೆಜೋಳದ ಝೀನ್ ಎಂಬ ಪ್ರೋಟೀನಿನಲ್ಲಿ ಇನ್ನೂ ಕಡಿಮೆ. ಗೋಧಿಯಲ್ಲಿ ಹೆಚ್ಚಾಗಿರುವುದು ಗ್ಲುಟಮಿನ್, ಮೂರರಲ್ಲಿ ಒಂದು ಪಾಲಿನಷ್ಟು. ಅದು ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಗೋಧಿ ಪ್ರೋಟೀನಿನ ಬಲ ಇರುವುದು ಗಂಟು ಹಾಕುವುದರಲ್ಲಲ್ಲ, ತೇವ ಹಿಡಿಯುವುದರಲ್ಲಿ ಮತ್ತು ಪದರ ಕಟ್ಟುವುದರಲ್ಲಿ.

ಕೈಯಲ್ಲಿ ಉಳಿದ ಆ ಜಿಗುಟನ್ನೇ ತಲೆಗೆ ಹಚ್ಚಿದರೆ ಏನೂ ಆಗುವುದಿಲ್ಲ, ಅದು ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ಒಡೆಯಬೇಕು. ಕಾರ್ಖಾನೆಯಲ್ಲಿ ಎರಡು ದಾರಿ. ಒಂದು, ಆಮ್ಲ ಅಥವಾ ಕ್ಷಾರ ಹಾಕಿ ಬಿಸಿ ಮಾಡುವುದು. ಇನ್ನೊಂದು, ಪ್ರೋಟೀನನ್ನು ಕತ್ತರಿಸುವ ಕಿಣ್ವ ಹಾಕುವುದು: ನೀರಿನಲ್ಲಿ ಕದಡಿದ ಪ್ರೋಟೀನನ್ನು 55–60 ಡಿಗ್ರಿಯಲ್ಲಿಟ್ಟು, ಸ್ವಲ್ಪ ಕ್ಷಾರದ ಹದದಲ್ಲಿ ಕೆಲವು ಗಂಟೆ ಕಿಣ್ವಕ್ಕೆ ಬಿಟ್ಟು, ತುಂಡುಗಳು ಬೇಕಾದಷ್ಟು ಸಣ್ಣದಾದ ಮೇಲೆ 85–90 ಡಿಗ್ರಿಗೆ ಏರಿಸಿ ಕಿಣ್ವವನ್ನು ನಿಲ್ಲಿಸುತ್ತಾರೆ. ನಂತರ ಸೋಸುತ್ತಾರೆ. ಮಾರಾಟಕ್ಕೆ ಬರುವಾಗ ಅದು ಜೇನಿನ ಬಣ್ಣದ ತೆಳು ದ್ರವ, ಅದರಲ್ಲಿ ಪ್ರೋಟೀನು ಸಾಮಾನ್ಯವಾಗಿ 20–25 ಪ್ರತಿಶತ. ಈ ಅಂಕಿಯನ್ನು ನೆನಪಿಡಿ, ಕಂಡಿಷನರ್ ಮಾಡುವಾಗ ಇದರ ಕೆಲಸವಿದೆ.

ಮತ್ತೆ ಕಂಬಳಿಗೆ ಬರೋಣ. ನಮ್ಮ ಕಡೆ ಕಂಬಳಿ ನೇಯುವವರು ಹಾಸಿನ ಎಳೆಗಳನ್ನು, ಅಂದರೆ ಉದ್ದದ ಎಳೆಗಳನ್ನು, ಮಗ್ಗಕ್ಕೆ ಹೂಡುವ ಮುಂಚೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಕೈಯಲ್ಲಿ ನೂತ ಉಣ್ಣೆ ಎಳೆಯ ಮೈಯೆಲ್ಲ ಜುಂಗು. ಹಾಗೇ ಮಗ್ಗಕ್ಕೆ ಹಾಕಿದರೆ ಒಂದಕ್ಕೊಂದು ತಿಕ್ಕಿ ಹರಿಯುತ್ತದೆ. ಗಂಜಿ ಆ ಜುಂಗನ್ನು ಮಲಗಿಸುತ್ತದೆ, ಎಳೆಗೆ ಬಿಗಿ ಕೊಡುತ್ತದೆ. ದಾವಣಗೆರೆಯ ಹಳೆಯ ಹತ್ತಿ ಗಿರಣಿಗಳಲ್ಲಿ ಕೆಲಸ ಮಾಡಿದವರು ಮನೆಯಲ್ಲಿದ್ದರೆ ಕೇಳಿ, ಹತ್ತಿಯ ಹಾಸಿಗೂ ಗಂಜಿ ಕೊಡುತ್ತಿದ್ದರು. ಗಂಜಿಯಿಂದ ಹುಣಸೆಬೀಜ ಉಣ್ಣೆಯಾಗಲಿಲ್ಲ. ಆದರೆ ಉಣ್ಣೆ ಹರಿಯದೆ ಉಳಿಯಿತು. ನೀರಿಗೆ ಹಾಕಿದರೆ ಗಂಜಿ ಬಿಡುತ್ತದೆ. ಕೂದಲಿನ ಮೇಲೆ ಸಸ್ಯ ಪ್ರೋಟೀನು ಮಾಡುವುದು ಇದೇ ಕೆಲಸ. ಹುಣಸೆಬೀಜದ ಗಂಜಿ ಪ್ರೋಟೀನಲ್ಲ, ಪಿಷ್ಟದ ಜಾತಿಯದು, ಆ ವ್ಯತ್ಯಾಸ ಇದೆ. ಕೆಲಸದ ರೀತಿ ಮಾತ್ರ ಒಂದೇ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಪ್ರಾಣಿಗಳ ನಿಜವಾದ ಕೆರಟಿನ್ ಹಾಕಿದರೆ ಕೂದಲು ರಿಪೇರಿ ಆಗುತ್ತದೆಯೇ? ಅದೂ ಬಾಟಲಿಗೆ ಬರುವುದು ಒಡೆದ ತುಂಡಾಗಿಯೇ. ಉಣ್ಣೆ, ಪುಕ್ಕ, ಗೊರಸುಗಳನ್ನು ಕರಗಿಸಿ ತೆಗೆದದ್ದು. ಒಡೆದ ಮೇಲೆ ಅದು ಮತ್ತೆ ಹೆಣೆದುಕೊಂಡು ಕೂದಲಾಗುವುದಿಲ್ಲ. ಅದರಲ್ಲಿ ಗಂಧಕದ ಅಂಶ ಹೆಚ್ಚು, ಕೂದಲಿಗೆ ಸ್ವಲ್ಪ ಚೆನ್ನಾಗಿ ಅಂಟಬಹುದು. ಹಚ್ಚಿ ತೊಳೆಯುವ ಕಂಡಿಷನರಿನಲ್ಲಿ ಆ ವ್ಯತ್ಯಾಸ ಕೈಗೆ ಸಿಗುವಷ್ಟು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಗೊರಸು, ಪುಕ್ಕದ ವಸ್ತು ಬೇಡ ಎನ್ನುವ ಸಸ್ಯಾಹಾರಿ ಮನೆಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ, ಅವರಿಗೆ ಸಸ್ಯ ಪ್ರೋಟೀನು ಒಳ್ಳೆಯ ಆಯ್ಕೆ. ಅವರು ಕಳೆದುಕೊಳ್ಳುವುದು ತೀರ ಕಡಿಮೆ.

ಕೂದಲಿನ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮಲಗಿದ ಚಿಪ್ಪುಗಳು, ಆರರಿಂದ ಹತ್ತು ಪದರ. ಅದು ಕ್ಯುಟಿಕಲ್. ಒಳಗಿನ ತಿರುಳು ಕಾರ್ಟೆಕ್ಸ್. ಆರೋಗ್ಯವಾದ ಕೂದಲಿನ ಹಂಚಿನ ಮೇಲೆ ತೆಳುವಾದ ಜಿಡ್ಡಿನ ಪದರವೊಂದು ಅಂಟಿಕೊಂಡೇ ಇರುತ್ತದೆ. ಬ್ಲೀಚ್ ಮಾಡಿದಾಗ ಮೊದಲು ಹೋಗುವುದು ಅದೇ. ಅದು ಹೋದ ಜಾಗದಲ್ಲಿ ಋಣ ವಿದ್ಯುದಂಶ ಹೆಚ್ಚಾಗುತ್ತದೆ. ಧನ ವಿದ್ಯುದಂಶ ಇರುವ ವಸ್ತುಗಳು ಅಲ್ಲಿಗೇ ಹೋಗಿ ಅಂಟುತ್ತವೆ. ಕಂಡಿಷನರು ಕೆಲಸ ಮಾಡುವ ಗುಟ್ಟು ಇದು, ಹಾಳಾದ ಜಾಗವೇ ಅದನ್ನು ಕರೆದುಕೊಳ್ಳುತ್ತದೆ. ಲೇಬಲ್ಲಿನಲ್ಲಿ ‘ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್’ ಎಂಬ ಉದ್ದನೆಯ ಹೆಸರು ಕಂಡರೆ ಹೆದರಬೇಡಿ. ಗೋಧಿ ಪ್ರೋಟೀನಿಗೆ ಬೇಕೆಂದೇ ಧನ ವಿದ್ಯುದಂಶ ಸೇರಿಸಿದ್ದು ಅದು. ಸಾದಾ ಪ್ರೋಟೀನಿಗಿಂತ ಗಟ್ಟಿಯಾಗಿ ಕೂತು, ತೊಳೆದ ಮೇಲೂ ಹೆಚ್ಚು ಉಳಿಯುತ್ತದೆ.

ತುಂಡಿನ ಗಾತ್ರವೂ ಮುಖ್ಯ. ಅಳತೆ ಅಣುವಿನ ತೂಕ ಹೇಳುವ ಮಾನವಾದ ಡಾಲ್ಟನ್‌ನಲ್ಲಿ. ಸುಮಾರು 1000 ಡಾಲ್ಟನ್‌ಗಿಂತ ಸಣ್ಣ ತುಂಡುಗಳು ಹಂಚಿನ ಸಂದಿಯಿಂದ ತಿರುಳಿಗೆ ಇಳಿಯಬಲ್ಲವು, ಅಲ್ಲಿ ತೇವ ಹಿಡಿಯುತ್ತವೆ. ಸಾವಿರಗಟ್ಟಲೆ ಡಾಲ್ಟನ್‌ನವು ಮೇಲೆಯೇ ಕೂತು ಪದರ ಕಟ್ಟುತ್ತವೆ, ಕೂದಲು ದಪ್ಪಗಾದಂತೆ, ನುಣುಪಾದಂತೆ ಕಾಣುವುದು ಅದರಿಂದ. ಸರಬರಾಜು ಮಾಡುವವರ ಹತ್ತಿರ ವಸ್ತುವಿನ ಮಾಹಿತಿ ಪತ್ರ ಕೇಳಿ, ಅದರಲ್ಲಿ ಸರಾಸರಿ ಅಣುತೂಕ ಬರೆದಿರಬೇಕು. ಬರೆದಿಲ್ಲದಿದ್ದರೆ ಕೊಳ್ಳಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ, ಚರ್ಮದ ವಿಷಯ ಬಂದಾಗ ಹೇಳುತ್ತೇನೆ.

ಮೊಟ್ಟೆಯ ಬಗ್ಗೆ ಒಬ್ಬರು ಕೇಳಿದರು. ಮೊಟ್ಟೆಯೂ ಪ್ರೋಟೀನಲ್ಲವೇ ಎಂದು. ಹೌದು, ಆದರೆ ಒಡೆಯದ ಪ್ರೋಟೀನು, ತುಂಬ ದೊಡ್ಡದು, ಒಳಗೆ ಹೋಗುವುದಿಲ್ಲ. ಬಿಸಿನೀರು ಸುರಿದರೆ ಕೂದಲಲ್ಲೇ ಬೆಂದು ಹೆಪ್ಪುಗಟ್ಟುತ್ತದೆ, ಮೂರು ದಿನ ಬಾಚಿದರೂ ಬಿಳಿ ಚೂರು ಉದುರುತ್ತಿರುತ್ತದೆ. ಹಚ್ಚಲೇಬೇಕೆಂದರೆ ತಣ್ಣೀರಲ್ಲೇ ತೊಳೆಯಿರಿ. ಹಳದಿ ಭಾಗದ ಜಿಡ್ಡು ಸ್ವಲ್ಪ ಮೆದು ಮಾಡುತ್ತದೆ, ಅಷ್ಟೇ. ದಾಸವಾಳದ ಎಲೆ, ಮೆಂತ್ಯದ ಲೋಳೆ ಇವು ಪ್ರೋಟೀನಿಗಿಂತ ಹೆಚ್ಚಾಗಿ ಲೋಳೆಯ ಪದರದಿಂದ ನುಣುಪು ಕೊಡುತ್ತವೆ. ಅವೂ ಗಂಜಿಯ ಮನೆತನವೇ, ಮನೆಮಟ್ಟಿಗೆ ಒಳ್ಳೆಯವು.

ಯಾವ ಕೂದಲಿಗೆ ಪ್ರೋಟೀನು ಬೇಕು? ಬಾಚಣಿಗೆಯಲ್ಲಿ ಉಳಿದ ಒಂದು ಕೂದಲನ್ನು ನೀರಲ್ಲಿ ಐದು ನಿಮಿಷ ನೆನೆಸಿ. ಎರಡೂ ಕೈಯ ಹೆಬ್ಬೆರಳು, ತೋರುಬೆರಳಲ್ಲಿ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಕೂದಲು ಒದ್ದೆಯಾಗಿದ್ದಾಗ ತನ್ನ ಉದ್ದದ ಮೂರನೇ ಒಂದು ಪಾಲಿನಷ್ಟು ಹಿಗ್ಗಿ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಬ್ಲೀಚ್ ಆಗಿ ಸೋತ ಕೂದಲು ಶಾವಿಗೆಯ ಹಾಗೆ ಉದ್ದಕ್ಕೆ ಜಗ್ಗುತ್ತಾ ಹೋಗಿ, ಹಿಂದಕ್ಕೆ ಬರದೆ ಹರಿಯುತ್ತದೆ. ಅದಕ್ಕೆ ಪ್ರೋಟೀನು ಹಾಕಿ. ಹಿಗ್ಗದೆ ಪಟಕ್ಕನೆ ಮುರಿಯುವ ಕೂದಲಿಗೆ ಬೇಕಾದದ್ದು ತೇವ ಮತ್ತು ಜಿಡ್ಡು. ಅದಕ್ಕೆ ಪ್ರೋಟೀನು ಸುರಿದರೆ ಇನ್ನೂ ಗಡುಸಾಗಿ ಹುಲ್ಲಿನಂತಾಗುತ್ತದೆ. ಪಾರ್ಲರಿಗೆ ಬಂದವರು “ಪ್ರೋಟೀನ್ ಮಾಸ್ಕ್ ಹಾಕಿದ ಮೇಲೆ ಕೂದಲು ಕಡ್ಡಿಯ ಹಾಗಾಗಿದೆ” ಎಂದರೆ ವಾರಕ್ಕೊಮ್ಮೆ ಹಾಕಬೇಕಾದ್ದನ್ನು ಪ್ರತಿ ಸ್ನಾನಕ್ಕೂ ಹಾಕಿಕೊಂಡಿರುತ್ತಾರೆ. ಎರಡು ಮೂರು ವಾರ ನಿಲ್ಲಿಸಿ, ಪ್ರೋಟೀನಿಲ್ಲದ ಕಂಡಿಷನರ್ ಕೊಡಿ, ತಾನಾಗೇ ಬಿಡುತ್ತದೆ. ಗಂಜಿ ಹೆಚ್ಚಾದ ಸೀರೆ ನೆನಪಿಸಿಕೊಳ್ಳಿ.

ಲೇಬಲ್ ಓದುವುದಕ್ಕೆ ಒಂದು ಉಪಾಯ ಹೇಳುತ್ತೇನೆ, ಇದು ಬಹಳ ಉಪಯೋಗಕ್ಕೆ ಬರುತ್ತದೆ. ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆದಿರುತ್ತಾರೆ. ಒಂದು ಪ್ರತಿಶತಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು 1 ಪ್ರತಿಶತಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಅದು ಎಲ್ಲಿದೆ ಹುಡುಕಿ. ಪ್ರೋಟೀನಿನ ಹೆಸರು ಅದರ ನಂತರ ಬಂದಿದ್ದರೆ ಪ್ರೋಟೀನು ಒಂದು ಪ್ರತಿಶತವೂ ಇಲ್ಲ ಎಂದೇ ಲೆಕ್ಕ. ಅಷ್ಟರಿಂದಲೇ ಬಾಟಲಿ ಕೆಟ್ಟದ್ದಾಗುವುದಿಲ್ಲ, ಪ್ರೋಟೀನು ಅರ್ಧ ಪ್ರತಿಶತ ಇದ್ದರೂ ಕೆಲಸ ಮಾಡುತ್ತದೆ. ಆದರೆ ಮುಂದೆ ದೊಡ್ಡಕ್ಷರದಲ್ಲಿ ‘ಕೆರಟಿನ್’ ಎಂದಿರುವುದಕ್ಕೆ ಎಷ್ಟು ಹಣ ಕೊಡಬೇಕೆಂದು ಆಗ ನಿಮಗೇ ಗೊತ್ತಾಗುತ್ತದೆ.

ಈಗ ಕಂಡಿಷನರ್. ಸಂಘಗಳವರು ಬರೆದುಕೊಳ್ಳಿ. ಒಂದು ಕಿಲೋ ಅಳತೆ ಹೇಳುತ್ತೇನೆ, ಎಲ್ಲವೂ ತೂಕದಲ್ಲಿ. ಚಮಚದ ಲೆಕ್ಕ ಬೇಡ, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಆರ್‌ಒ ನೀರು 860 ಗ್ರಾಂ, ಗ್ಲಿಸರಿನ್ 20, ಸೀಟೊಸ್ಟಿಯರಿಲ್ ಆಲ್ಕೊಹಾಲ್ ಎಂಬ ಮೇಣ 40, ಧನ ವಿದ್ಯುದಂಶ ಇರುವ ಬಿಟಿಎಂಎಸ್-25 ಎಂಬ ಮೇಣದಂಥ ವಸ್ತು 40, ಸಸ್ಯ ಪ್ರೋಟೀನ್ ದ್ರವ 20, ಫೀನಾಕ್ಸಿಎಥನಾಲ್ ಮತ್ತು ಎಥಿಲ್‌ಹೆಕ್ಸೈಲ್‌ಗ್ಲಿಸರಿನ್ ಸೇರಿಸಿ ಬರುವ ಸಂರಕ್ಷಕ 10, ಸುವಾಸನೆ 3, ಉಳಿದ 7 ಗ್ರಾಂ ಜಾಗ ಸಿಟ್ರಿಕ್ ಆಮ್ಲದ ದ್ರಾವಣಕ್ಕೆ. 20 ಗ್ರಾಂ ದ್ರವದಲ್ಲಿ ನಿಜವಾದ ಪ್ರೋಟೀನು 4–5 ಗ್ರಾಂ, ಅಂದರೆ ಅರ್ಧ ಪ್ರತಿಶತದ ಒಳಗೆ. ಸಾಕು.

ನೀರು, ಗ್ಲಿಸರಿನ್ ಒಂದು ಸ್ಟೀಲ್ ಪಾತ್ರೆಯಲ್ಲಿ. ಸೀಟೊಸ್ಟಿಯರಿಲ್ ಮತ್ತು ಬಿಟಿಎಂಎಸ್ ಇನ್ನೊಂದರಲ್ಲಿ. ಎರಡನ್ನೂ ನೀರಿನ ಸ್ನಾನದಲ್ಲಿ 75 ಡಿಗ್ರಿಗೆ ತನ್ನಿ, ಮೇಣದ ಗುಳಿಗೆ ಒಂದೂ ಉಳಿಯಬಾರದು. ಎರಡೂ ಒಂದೇ ಬಿಸಿಯಲ್ಲಿದ್ದಾಗ ಮೇಣದ ಪಾತ್ರೆಗೆ ನೀರನ್ನು ಸುರಿಯುತ್ತಾ ಕಲಕಿ. ಮೊದಲು ಹಾಲಿನಂತಾಗುತ್ತದೆ, 50 ಡಿಗ್ರಿ ಹತ್ತಿರ ಮಂದವಾಗುತ್ತದೆ. ಕಲಕುವುದನ್ನು ನಿಲ್ಲಿಸಬೇಡಿ, ಗಾಳಿ ಸೇರುವಷ್ಟು ಜೋರೂ ಬೇಡ. 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಪ್ರೋಟೀನು, ಸಂರಕ್ಷಕ, ಸುವಾಸನೆ ಹಾಕಿ. ಕೊನೆಗೆ ಪಿಎಚ್, ಅಂದರೆ ಹುಳಿಯ ಹದ. 20 ಗ್ರಾಂ ಸಿಟ್ರಿಕ್ ಆಮ್ಲವನ್ನು 80 ಗ್ರಾಂ ನೀರಲ್ಲಿ ಕರಗಿಸಿಟ್ಟುಕೊಂಡು ಹನಿ ಹನಿಯಾಗಿ ಹಾಕುತ್ತಾ, ಪಿಎಚ್ ನೋಡುವ ಕಾಗದದ ಪಟ್ಟಿಯಲ್ಲಿ 4.5ರ ಸುತ್ತ ಬರುವವರೆಗೆ ನೋಡಿ. 7 ಗ್ರಾಂ ಪೂರ್ತಿ ಬೇಕಾಗದಿದ್ದರೆ ಉಳಿದ ಜಾಗಕ್ಕೆ ನೀರು ಸೇರಿಸಿ.

ಕೆಡುವುದು ಎಲ್ಲಿ? ಮರುದಿನ ಮುಟ್ಟಿದರೆ ರವೆಯಂತೆ ಕಾಳು ಕಾಳಾಗಿದ್ದರೆ ಎರಡು ಪಾತ್ರೆಯ ಬಿಸಿ ಹೊಂದಿರಲಿಲ್ಲ, ತಣ್ಣನೆಯ ನೀರು ತಾಗಿದ ಮೇಣ ಅಲ್ಲೇ ಹೆಪ್ಪುಗಟ್ಟಿತು. ಪ್ರೋಟೀನು ಹಾಕಿದ ಕೂಡಲೇ ನೀರಾಗಿಬಿಟ್ಟರೆ ಪ್ರೋಟೀನು ದ್ರವದಲ್ಲಿ ಉಪ್ಪು ಹೆಚ್ಚಿದೆ. ಒಡೆಯುವಾಗ ಹಾಕಿದ ಆಮ್ಲ, ಕ್ಷಾರಗಳನ್ನು ಸರಿದೂಗಿಸಿದಾಗ ಉಳಿದ ಉಪ್ಪು ಅದು. ಮುಂದಿನ ಸಲ ಪ್ರೋಟೀನು 10 ಗ್ರಾಮಿಗೆ ಇಳಿಸಿ, ಅಥವಾ ಬೇರೆ ಕಡೆಯಿಂದ ತರಿಸಿ. ಹತ್ತು ದಿನಕ್ಕೆ ಹುಳಿ ವಾಸನೆ, ಮುಚ್ಚಳದ ಒಳಗೆ ಕಪ್ಪು ಚುಕ್ಕೆ ಬಂದರೆ ಬ್ಯಾಕ್ಟೀರಿಯ, ಬೂಷ್ಟು. ಪ್ರೋಟೀನು ನಮ್ಮ ಕೂದಲಿಗೆ ಹೇಗೋ ಅವಕ್ಕೂ ಹಾಗೆಯೇ ಒಳ್ಳೆಯ ಊಟ. ಪ್ರೋಟೀನಿಲ್ಲದ ಕಂಡಿಷನರನ್ನು ಕೆಡಿಸದ ಸಣ್ಣ ಕೊಳಕು ಇದನ್ನು ಕೆಡಿಸಿಬಿಡುತ್ತದೆ. ‘ನ್ಯಾಚುರಲ್’ ಎಂದು ಹೇಳಿಕೊಳ್ಳುವ ಆಸೆಗೆ ಸಂರಕ್ಷಕ ಬಿಡುವುದು ಬೇಡವೇ ಬೇಡ. ಬಾಟಲಿ ತೊಳೆದು, ಪೂರ್ತಿ ಒಣಗಿಸಿ, ಸ್ಪಿರಿಟ್ ಸಿಂಪಡಿಸಿ ತುಂಬಿಸಿ. ಮನೆಗೆ ಮಾಡಿಕೊಳ್ಳುವುದು ಬೇರೆ, ಮಾರುವುದಾದರೆ ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ತಯಾರಿಕೆಗೆ ಪರವಾನಗಿ ಬೇಕು. ಸಂಘದ ಹೆಸರಲ್ಲಿ ಮಾಡಿದರೂ ಬೇಕು.

ನೀರಿನ ಮಾತು ಬಿಡುವಂತಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ತಲೆ ತೊಳೆಯುವ ಮನೆಗಳೇ ಹೆಚ್ಚು. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲ್‌ಗೆ ಕಟ್ಟುವ ಬಿಳಿ ಪಕ್ಕು ಕೂದಲ ಮೇಲೂ ಕೂರುತ್ತದೆ. ಅದರ ಮೇಲೆ ಪ್ರೋಟೀನು ಹಾಕಿದರೆ ಸುಣ್ಣದ ಗೋಡೆಗೆ ಸುಣ್ಣ ಬಿಡಿಸದೆ ಬಣ್ಣ ಬಳಿದ ಹಾಗೆ. ಮೊದಲು ಆ ಪಕ್ಕನ್ನು ಹಿಡಿದು ಬಿಡಿಸುವ ಇಡಿಟಿಎ ಇರುವ ಶಾಂಪೂ ಹಾಕಿ. ಅಥವಾ ಶಾಂಪೂ ಆದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಹಾಕಿ ಸುರಿದು, ಎರಡು ನಿಮಿಷ ಬಿಟ್ಟು ತೊಳೆಯಿರಿ. ಆಮೇಲೆ ಪ್ರೋಟೀನ್ ಕಂಡಿಷನರ್. ವಸ್ತು ಒಳ್ಳೆಯದಿದ್ದೂ ‘ಕೆಲಸ ಮಾಡಲಿಲ್ಲ’ ಎನ್ನುವ ದೂರುಗಳಲ್ಲಿ ಬಹಳಷ್ಟು ಈ ನೀರಿನವು.

ಇನ್ನು ಪಾರ್ಲರಿನವರು ಗಮನ ಕೊಟ್ಟು ಕೇಳಬೇಕಾದ ಭಾಗ. ಬೋರ್ಡಿನಲ್ಲಿ ‘ಕೆರಟಿನ್ ಟ್ರೀಟ್‌ಮೆಂಟ್’ ಎಂದು ಬರೆದಿರುತ್ತೀರಿ. ಅದೂ, ನಾವು ಇಷ್ಟು ಹೊತ್ತು ಮಾತಾಡಿದ ಪ್ರೋಟೀನು ಕಂಡಿಷನರೂ ಒಂದೇ ಅಲ್ಲ. ಆ ಟ್ರೀಟ್‌ಮೆಂಟಿನಲ್ಲಿ ಕೂದಲನ್ನು ತಿಂಗಳುಗಟ್ಟಲೆ ನೇರ ಇಡುವುದು ಕೆರಟಿನ್ ಅಲ್ಲ. ಹಳೆಯ ಮಿಶ್ರಣಗಳಲ್ಲಿ ಅದನ್ನು ಮಾಡುತ್ತಿದ್ದುದು ಫಾರ್ಮಾಲ್ಡಿಹೈಡ್, ಅಥವಾ ಬಿಸಿಗೆ ಅದನ್ನು ಬಿಡುವ ವಸ್ತುಗಳು. 200 ಡಿಗ್ರಿ ಮೀರಿದ ಐರನ್ ಎಳೆದಾಗ ಹೊಗೆಯಾಗಿ ಬರುವುದು ಅದೇ. ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿದೆ. ಗಿರಾಕಿ ವರ್ಷಕ್ಕೆ ಎರಡು ಸಲ ಕೂರುತ್ತಾರೆ. ನೀವು ಆ ಹೊಗೆಯಲ್ಲಿ ದಿನವೂ ನಿಂತಿರುತ್ತೀರಿ. ನನಗೆ ಹೆಚ್ಚು ಚಿಂತೆ ನಿಮ್ಮದೇ.

ಅದರ ಬದಲಿಗೆ ಬಂದ ‘ಫಾರ್ಮಾಲ್ಡಿಹೈಡ್ ಇಲ್ಲ’, ‘ಸಸ್ಯ ಕೆರಟಿನ್’ ಎಂಬ ಸ್ಟ್ರೇಟನಿಂಗ್ ಕ್ರೀಮುಗಳಲ್ಲಿ ಹಲವಕ್ಕೆ ಗ್ಲೈಆಕ್ಸಿಲಿಕ್ ಆಮ್ಲ ಹಾಕಿರುತ್ತಾರೆ. ಫ್ರಾನ್ಸಿನ ವೈದ್ಯರು ಒಬ್ಬ ಯುವತಿಯ ವಿಷಯವನ್ನು 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 2020, 2021, 2022ರಲ್ಲಿ ಮೂರು ಸಲ ಸ್ಟ್ರೇಟನಿಂಗ್ ಮಾಡಿಸಿಕೊಂಡರು, ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು. ಕ್ರೀಮಿನಲ್ಲಿ 10 ಪ್ರತಿಶತ ಗ್ಲೈಆಕ್ಸಿಲಿಕ್ ಆಮ್ಲವಿತ್ತು. ವೈದ್ಯರು ಅದೇ ಕ್ರೀಮನ್ನು ಇಲಿಗಳ ಬೆನ್ನಿಗೆ ಹಚ್ಚಿ ನೋಡಿದರು, ಅವುಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಟ್ಟಿತ್ತು. ಇಸ್ರೇಲಿನಿಂದಲೂ ಇಂಥ ವರದಿಗಳು ಬಂದಿವೆ. ಲೇಬಲ್ಲಿನಲ್ಲಿ ‘ಗ್ಲೈಆಕ್ಸಿಲಿಕ್ ಆಸಿಡ್’, ‘ಗ್ಲೈಆಕ್ಸಿಲಾಯಿಲ್ ಕಾರ್ಬೊಸಿಸ್ಟೈನ್’ ಎಂದು ಇದೆಯೇ ನೋಡಿ. ಇದ್ದರೆ ಹಾಕಬೇಡಿ, ನಿಮ್ಮ ಮೆನುವಿನಿಂದ ತೆಗೆದುಬಿಡಿ. ಮಾಡಿಸಿಕೊಂಡವರು ಯಾರಾದರೂ ಒಂದೆರಡು ದಿನದಲ್ಲಿ ವಾಂತಿ, ಜ್ವರ, ಬೆನ್ನುನೋವು ಎಂದರೆ ‘ಊಟದ ವ್ಯತ್ಯಾಸ’ ಎಂದು ಬಿಡದೆ ಆಸ್ಪತ್ರೆಗೆ ಕಳಿಸಿ. ಕ್ರೀಮಿನ ಡಬ್ಬಿಯನ್ನೂ ಕೈಗೆ ಕೊಟ್ಟು ಕಳಿಸಿ, ವೈದ್ಯರಿಗೆ ಅದರಿಂದ ದಾರಿ ಸಿಗುತ್ತದೆ.

ಚರ್ಮಕ್ಕೆ ಬರೋಣ. ಚರ್ಮದ ಮೇಲ್ಪದರವನ್ನು ದಾಟಿ ಒಳಗೆ ಹೋಗಬೇಕಾದರೆ ವಸ್ತು ಸುಮಾರು 500 ಡಾಲ್ಟನ್‌ಗಿಂತ ಚಿಕ್ಕದಿರಬೇಕು. ಪ್ರೋಟೀನಿನ ತುಂಡುಗಳಲ್ಲಿ ಬಹಳಷ್ಟು ಅದಕ್ಕಿಂತ ದೊಡ್ಡವು. ಹಾಗಾಗಿ ‘ಚರ್ಮಕ್ಕೆ ಕೆರಟಿನ್ ತುಂಬುತ್ತದೆ’ ಎಂಬ ಮಾತು ಸರಿಯಲ್ಲ. ಮೇಲೆ ತೆಳು ಪದರವಾಗಿ ಕೂತು ತೇವ ಹಾರಿಹೋಗದಂತೆ ಹಿಡಿಯುತ್ತದೆ, ಮುಖ ಸ್ವಲ್ಪ ಬಿಗಿಯಾದಂತೆ ಅನ್ನಿಸುತ್ತದೆ. ಬೇಸಿಗೆಯ ಒಣ ಗಾಳಿಗೆ ಇಲ್ಲಿ ಅದೂ ಸಣ್ಣ ಉಪಕಾರವಲ್ಲ.

ಆದರೆ ಚರ್ಮದ ಮೂಲಕ ಮೈಗೆ ಒಂದು ವಸ್ತುವಿನ ಪರಿಚಯ ಆಗಿಬಿಡುವ ಅಪಾಯವಿದೆ. ಜಪಾನಿನಲ್ಲಿ ಒಂದು ಮುಖದ ಸೋಪಿಗೆ ಆಮ್ಲ ಹಾಕಿ ಒಡೆದ ಗೋಧಿ ಪ್ರೋಟೀನು ಸೇರಿಸಿದ್ದರು. ಅಷ್ಟೇನೂ ಸಣ್ಣಗೆ ಒಡೆದಿರಲಿಲ್ಲ, ತುಂಡುಗಳು ದೊಡ್ಡವಾಗಿಯೇ ಉಳಿದಿದ್ದವು. ದಿನವೂ ಮುಖ ತೊಳೆದಾಗ, ಸೋಪು ಕಾವಲು ಸಡಿಲಿಸಿದ ಚರ್ಮದಿಂದ, ಕಣ್ಣು ಮೂಗಿನ ಒಳಪದರದಿಂದ ಅದು ಒಳಗೆ ಹೋಗಿ ಜನರ ಮೈ ಗೋಧಿಯನ್ನೇ ಶತ್ರುವೆಂದು ಗುರುತಿಸತೊಡಗಿತು. ಅಲ್ಲಿಯವರೆಗೆ ಬ್ರೆಡ್ಡು, ನೂಡಲ್ಸ್ ಆರಾಮಾಗಿ ತಿನ್ನುತ್ತಿದ್ದವರಿಗೆ ಗೋಧಿ ತಿಂದು ಸ್ವಲ್ಪ ನಡೆದಾಡಿದರೆ ಕಣ್ಣುರೆಪ್ಪೆ ಊದಿ, ಮೈಯೆಲ್ಲ ದದ್ದು, ಉಸಿರುಕಟ್ಟುವ ಹಂತಕ್ಕೂ ಹೋಯಿತು. 2000ಕ್ಕೂ ಹೆಚ್ಚು ಜನರಲ್ಲಿ ಇದು ದೃಢಪಟ್ಟಿತು. ಅದಾದ ಮೇಲೆ ಯುರೋಪಿನಲ್ಲಿ 2017ರಲ್ಲಿ ನಿಯಮ ಬಂತು: ಸೌಂದರ್ಯವರ್ಧಕದಲ್ಲಿ ಹಾಕುವ ಗೋಧಿ ಪ್ರೋಟೀನಿನ ತುಂಡುಗಳ ಸರಾಸರಿ ಅಣುತೂಕ 3500 ಡಾಲ್ಟನ್ ಮೀರಬಾರದು. ಅಣುತೂಕ ಬರೆದಿಲ್ಲದ ಗೋಧಿ ಪ್ರೋಟೀನು ಕೊಳ್ಳಬೇಡಿ ಎಂದೆನಲ್ಲ, ಅದರ ಹಿಂದೆ ಇರುವುದು ಆ ಜನರ ಕಷ್ಟ. ಚಪಾತಿ ದಿನದ ಊಟವಾಗಿರುವ ಮನೆಯಲ್ಲಿ ಒಬ್ಬರಿಗೆ ಗೋಧಿ ಒಗ್ಗದಂತಾದರೆ ಏನಾಗುತ್ತದೆಂದು ಯೋಚಿಸಿ.

ಆದ್ದರಿಂದ ನಾಲ್ಕು ಎಚ್ಚರ. ಮುಖಕ್ಕೆ ದಿನವೂ ಹಾಕುವ ವಸ್ತುವಿಗೆ ಗೋಧಿ ಪ್ರೋಟೀನಿಗಿಂತ ಅಕ್ಕಿ ಅಥವಾ ಮೆಕ್ಕೆಜೋಳದ್ದು ಆರಿಸಿ. ಸೋಪು, ಫೇಸ್‌ವಾಶ್ ತಯಾರಿಸುವುದಾದರೆ ಗೋಧಿ ಪ್ರೋಟೀನೇ ಬೇಡ, ಸೋಪು ಚರ್ಮದ ಕಾವಲನ್ನು ತೆಗೆದು ದಾರಿ ಬಿಡುತ್ತದೆ. ಸ್ಪ್ರೇ ರೂಪದಲ್ಲಿ ಪ್ರೋಟೀನು ಕೊಡಬೇಡಿ, ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಗೋಧಿ, ಸೋಯಾ ಅಲರ್ಜಿ ಇದೆಯೇ ಎಂದು ಗಿರಾಕಿಯನ್ನು ಮೊದಲೇ ಕೇಳಿ, ಇದೆ ಎಂದವರಿಗೆ ಪ್ಯಾಚ್ ಟೆಸ್ಟ್ ಮಾಡಿ ನೋಡೋಣ ಎಂದೂ ಹೋಗಬೇಡಿ, ಆ ವಸ್ತುವನ್ನೇ ಬಿಡಿ. ಉಳಿದವರಿಗೆ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ನೋಡಿ.

ಉಗುರಿನದು ಚಿಕ್ಕ ವಿಷಯ. ಉಗುರು ಗಟ್ಟಿ ಕೆರಟಿನ್, ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ದಿನಕ್ಕೆ ಹತ್ತು ಸಲ ನೆನೆದು ಒಣಗುವ ಉಗುರು ಪದರ ಪದರವಾಗಿ ಸೀಳುತ್ತದೆ. ಅಲ್ಲಿ ಪ್ರೋಟೀನಿಗಿಂತ ಮೊದಲು ಬೇಕಾದದ್ದು ಕೈಗವಸು, ರಾತ್ರಿ ಉಗುರಿನ ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ, ಅಸಿಟೋನ್ ರಿಮೂವರ್ ಕಡಿಮೆ ಮಾಡುವುದು. ಅದರ ಮೇಲೆ ಸಸ್ಯ ಪ್ರೋಟೀನಿನ ಬೇಸ್ ಕೋಟ್ ಹಾಕಿದರೆ ಸೀಳಿದ ಅಂಚು ಬಟ್ಟೆಗೆ ಸಿಕ್ಕಿಕೊಳ್ಳದಂತೆ ಹಿಡಿದಿಡುತ್ತದೆ. ಫಲ ನೋಡಲು ಮೂರು ತಿಂಗಳಾದರೂ ಬೇಕು ಎಂದು ಮೊದಲೇ ಹೇಳಿ.

ಕೊನೆಗೆ ಸಂಘದವರು ಕೇಳಿದ ಪ್ರಶ್ನೆ, ಬಾಟಲಿಯ ಮೇಲೆ ಏನು ಬರೆಯಬೇಕು. ಹಿಂದೆ ನಿಯಮದಂತೆ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ಪರವಾನಗಿ ಸಂಖ್ಯೆ ಎಲ್ಲ ಇರಲಿ. ಮುಂದೆ ‘ಕೆರಟಿನ್’ ಬದಲು ‘ಗೋಧಿ ಮತ್ತು ಮೆಕ್ಕೆಜೋಳದ ಪ್ರೋಟೀನ್ ಕಂಡಿಷನರ್’ ಎಂದು ಬರೆಯಿರಿ. ‘ಗೋಧಿ ಇದೆ’ ಎಂಬ ಎರಡು ಪದವನ್ನು ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದುವಷ್ಟು ದಪ್ಪಕ್ಷರದಲ್ಲಿ, ಮುಚ್ಚಳದ ಹತ್ತಿರ ಅಚ್ಚು ಹಾಕಿಸಿ. ಸ್ನಾನದ ಮನೆಯಲ್ಲಿ ಬಾಟಲಿ ಎತ್ತಿಕೊಂಡಾಗ ಮೊದಲು ಕಣ್ಣಿಗೆ ಬೀಳುವ ಜಾಗ ಅದೇ.